ಸುಕ್ಕು ಬಿಡದ ಸೆರಗಿನ ಮೂಲೆ

ಇಸ್ತ್ರಿಯವನು ಇವತ್ತು ಬೆಳಿಗ್ಗೆ ನನ್ನ ಇಳಕಲ್ ಸೀರೆಯನ್ನು ತಂದುಕೊಟ್ಟು, ಸೆರಗಿನ ಒಂದು ಮೂಲೆಯನ್ನು ಎತ್ತಿ ತೋರಿಸಿದ. “ಮಾಜೀ, ಏ ಕೋನಾ ಸೀಧಾ ನಹೀ ಹೋತಾ. ಪಾನೀ ಮಾರಾ, ಸಬ್ ಕಿಯಾ.” ನೀರು ಚಿಮುಕಿಸಿ ತಿಕ್ಕಿದರೂ ಆ ಮೂಲೆಯ ಸುಕ್ಕು ಹೋಗಲಿಲ್ಲವಂತೆ. ತನ್ನ ಕಸುಬಿಗೇ ಅವಮಾನವಾದಂತೆ ಮುಖ ಮಾಡಿಕೊಂಡಿದ್ದ. “ರಹನೇ ದೋ” ಎಂದೆ, ಇರಲಿ ಬಿಡು ಎಂದು. ನನ್ನ ಹಿಂದಿ ಅಷ್ಟಕ್ಕೇ ಮುಗಿಯುತ್ತದೆ. ಮುಗಿಯದೆ ಇದ್ದಿದ್ದರೆ ಹೇಳುತ್ತಿದ್ದೆ: ಆ ಮೂಲೆಯಲ್ಲಿ ನಮ್ಮ ಮೈತ್ರಿಯ ಮುಷ್ಟಿ ಇದೆ ತಮ್ಮಾ, ನಿನ್ನ ಇಸ್ತ್ರಿಗೆ ಅದು ಬಗ್ಗುವುದಿಲ್ಲ ಎಂದು.

ಮೈತ್ರಿ ನನ್ನ ಮೊದಲ ಮೊಮ್ಮಗಳು. ಈಗ ಎರಡನೇ ಕ್ಲಾಸು. ಮೊಮ್ಮಕ್ಕಳೇ, ಇದನ್ನು ನೀವೇ ಓದುವಿರೋ, ಅಪ್ಪನಿಂದ ಓದಿಸಿಕೊಳ್ಳುವಿರೋ ನನಗೆ ಗೊತ್ತಿಲ್ಲ. ನಾನು ಹಳ್ಳಿ ಶಾಲೆಯಲ್ಲಿ ಏಳನೇ ಇಯತ್ತೆಯ ತನಕ ಕಲಿತವಳು. ಎದುರಿಗೆ ನಾಲ್ಕು ಜನ ಕೂತರೆ ನನ್ನ ಬಾಯಿ ಕಟ್ಟುತ್ತದೆ. ಕಾಗದ ನನ್ನನ್ನು ದಿಟ್ಟಿಸಿ ನೋಡುವುದಿಲ್ಲವಲ್ಲ, ಅದಕ್ಕೇ ಅದರ ಮುಂದೆ ಇಷ್ಟು ಮಾತು.

ಒಂದು ವರ್ಷ ತುಂಬುವ ಹೊತ್ತಿಗೆ ಮುಂಬಯಿಯ ಈ ಚೆಂಬೂರಿನ ಮನೆಯ ಕಾರುಬಾರೆಲ್ಲ ಮೈತ್ರಿಯ ಕೈಗೆ ಬಂದಿತ್ತು. ಸೊಸೆ ಸುಮಾ ಫೋರ್ಟಿನ ಬ್ಯಾಂಕಿಗೆ, ಮಗ ಮಲ್ಲು ತನ್ನ ಡ್ಯೂಟಿಗೆ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ. ಬಾಗಿಲ ಬಳಿ ಯಾರ ಚಪ್ಪಲಿ ಕಂಡರೂ ಜೋಡಿ ತಪ್ಪಿಸಿ, ಅಪ್ಪನದೊಂದು ಅಮ್ಮನದೊಂದು ಸೇರಿಸಿ ಇಡುವಳು. ಬೆಳಿಗ್ಗೆ ಎಂಟರ ಲೋಕಲ್ ಹಿಡಿಯುವ ಅವಸರದಲ್ಲಿ ಸುಮಾ ಒಮ್ಮೆ ಹಾಗೆಯೇ ಮೆಟ್ಟಿಕೊಂಡು ಲಿಫ್ಟಿನ ತನಕ ಹೋಗಿದ್ದಳು. ಕುಕ್ಕರು ಬುಸುಗುಡಲು ಶುರುವಾಯಿತೆಂದರೆ ಸೀಟಿ ಹೊಡೆಯುವ ಮೊದಲೇ ಅಂಬೆಗಾಲಿಕ್ಕಿ ಬಂದು, ಸೊಪ್ಪು ಸೋಸುತ್ತ ಕೂತ ನನ್ನ ಬೆನ್ನು ಹತ್ತಿ, ನನ್ನ ಕಿವಿ ಮುಚ್ಚುವಳು. ತನ್ನ ಕಿವಿಯ ನೆನಪೇ ಅವಳಿಗೆ ಬರುತ್ತಿರಲಿಲ್ಲ.

ಬಿಸ್ಕಿಟು ಕೊಟ್ಟರೆ ಮೊದಲ ಚೂರು ಕಿಟಕಿಯಾಚೆಗಿನ ಕಾಗೆಗೆ, ಎರಡನೆಯದು ಗೋಡೆಯ ಮೇಲಿನ ಅಜ್ಜನಿಗೆ. ಎತ್ತಿ ಹಿಡಿದರೆ ಫೋಟೋದ ಗಾಜಿನ ಮೇಲೆ, ಸರಿಯಾಗಿ ಬಾಯಿ ಇರುವಲ್ಲೇ, ಎಂಜಲು ಬಿಸ್ಕಿಟನ್ನು ಒತ್ತುವಳು. ನಿಮ್ಮ ಅಜ್ಜನಿಗೆ ಸಕ್ಕರೆ ಕಾಯಿಲೆ ಇತ್ತು. ಕೊನೆಯ ವರ್ಷಗಳಲ್ಲಿ ನಾನು ಬಿಸ್ಕಿಟಿನ ಡಬ್ಬಿಯನ್ನು ಅವರಿಂದ ಬಚ್ಚಿಡುತ್ತಿದ್ದೆ. ಈಗ ನೋಡಿ, ಒದ್ದೆ ಬಟ್ಟೆ ಹಿಡಿದು ದಿನವೂ ಅವರ ಬಾಯಿ ಒರೆಸುವ ಕೆಲಸ ನನ್ನ ಪಾಲಿಗೆ ಬಂತು.

ಇಷ್ಟೆಲ್ಲ ಜಾಣತನವಿದ್ದ ಹುಡುಗಿ ನಡೆಯುವುದೊಂದನ್ನು ಮಾತ್ರ ಒಲ್ಲೆನೆಂದಳು. ನನ್ನ ಸೆರಗು ಕೈಗೆ ಸಿಕ್ಕರೆ ದಿನವಿಡೀ ನಡೆಯುವಳು. ಸೊಂಟಕ್ಕೆ ಸಿಕ್ಕಿಸಿದ ತುದಿಯನ್ನು ಎಳೆದು ತೆಗೆದು, ಒಂದಿಷ್ಟು ಚೀಪಿ, ಮುಷ್ಟಿಯಲ್ಲಿ ಹಿಡಿದು, ಅಡಿಗೆಮನೆಯಿಂದ ಬಾಲ್ಕನಿಗೆ ಕರುವಿನ ಹಾಗೆ ಹಿಂದೆ ಹಿಂದೆ. ಬಿಡಿಸಿದರೆ ತೊಪ್ಪೆಂದು ಕೂತುಬಿಡುವಳು. ಒಂದೂವರೆ ವರ್ಷ ಆಗುತ್ತ ಬಂತು. ಡಾಕ್ಟರು ಕಾಲು ಚೆನ್ನಾಗಿವೆ ಎಂದರು. ಕೆಳಗೆ ಬಿಲ್ಡಿಂಗಿನ ಅಂಗಳದಲ್ಲಿ ಅವಳಿಗಿಂತ ಚಿಕ್ಕವು ಓಡಾಡುತ್ತಿದ್ದವು.

“ಅವ್ವ, ಇಕಿ ನಿನ್ನ ಸೆರಗ ಹಿಡಕೊಂಡ ಕಾಲೇಜಿಗೂ ಹೊಕ್ಕಾಳ ನೋಡು” ಎಂದು ಮಲ್ಲು ನಗುತ್ತಿದ್ದ. ಸುಮಾ ನಗುತ್ತಿರಲಿಲ್ಲ. ಒಂದು ಸಂಜೆ ಬಟ್ಟೆ ಮಡಿಸುತ್ತ, ನನ್ನ ಮುಖ ನೋಡದೆ, ತನ್ನ ಮೈಸೂರಿನ ಮೆಲುದನಿಯಲ್ಲಿ ಹೇಳಿದಳು: “ಅತ್ತೆ, ತಪ್ಪು ತಿಳ್ಕೋಬೇಡಿ. ಸೆರಗು ಸಿಗ್ತಾ ಇರೋ ತನಕ ಅವಳು ತಾನಾಗಿ ನಡೆಯಲ್ಲ ಅನ್ಸುತ್ತೆ.”

ತಪ್ಪು ತಿಳಿಯಲಿಲ್ಲ. ಆದರೆ ಆ ಮಾತು ಮುಳ್ಳಿನಂತೆ ಉಳಿಯಿತು. ಕೂಸಿಗೆ ಆಸರೆ ಎಂದುಕೊಂಡದ್ದು ಕಟ್ಟಿಹಾಕುವ ಹಗ್ಗವೇ ಆಗಿಬಿಟ್ಟಿತೇ? ಮರುದಿನದಿಂದ ಸೆರಗನ್ನು ಬಿಗಿಯಾಗಿ ಸಿಕ್ಕಿಸಿಕೊಂಡೆ. ಪಾಪ, ಮುಚ್ಚಿದ ಅಂಗಡಿಯ ಮುಂದೆ ನಿಂತ ಗಿರಾಕಿಯಂತೆ ಅವಳು ನನ್ನ ಸೊಂಟವನ್ನೇ ನೋಡುತ್ತ ಕೂರುವಳು.

ಇನ್ನು ನಮ್ಮ ಹೊಸ್ತಿಲಿನ ಮಾತು ಹೇಳಬೇಕು. ಈ ಬಿಲ್ಡಿಂಗಿನ ಬೇರೆ ಮನೆಗಳಲ್ಲಿ ಬಾಗಿಲಿಗೆ ಒಂದು ಕಲ್ಲಿನ ಪಟ್ಟಿ, ಅಷ್ಟೇ. ನಿಮ್ಮ ಅಜ್ಜ ಟೈಲ್ಸ್ ಹಾಕಿಸುವಾಗ ಹಟ ಹಿಡಿದು ಎತ್ತರದ ತೇಗದ ಹೊಸ್ತಿಲು ಕೂಡಿಸಿದರು. ಗ್ಯಾಸಿನವನು, ಕೊರಿಯರಿನವನು, ಎಲ್ಲರೂ ಒಮ್ಮೆ ಅದಕ್ಕೆ ಎಡವಿ ಬೈದುಕೊಂಡವರೇ. ಮೈತ್ರಿ ಅಂಬೆಗಾಲಿನಲ್ಲಿ ಅದರ ತನಕ ಬರುವಳು, ಅಂಗೈಯಿಂದ ಎರಡು ಏಟು ತಟ್ಟುವಳು, ಯಾರೂ ಇಲ್ಲವೆಂಬಂತೆ ತಿರುಗಿ ಹೋಗುವಳು. ಮಗು ತಾನಾಗಿ ಮೊದಲ ಸಲ ಹೊಸ್ತಿಲು ದಾಟಿದರೆ ಅಲ್ಲೇ ತೆಂಗಿನಕಾಯಿ ಒಡೆದು ಸಿಹಿ ಹಂಚುವುದು ನಮ್ಮಲ್ಲಿಯ ವಾಡಿಕೆ. ಕಾದು ಕಾದು ಸಾಕಾಗಿ ಸುಮಾಳ ತಾಯಿ ಮೈಸೂರಿನಿಂದ ಫೋನು ಮಾಡಿದರು: “ಒಳ್ಳೇ ದಿನ ನೋಡಿ, ಆಚೆ ಲಾಡು ಇಟ್ಟು ಕರೀರಿ, ಬರ್ತಾಳೆ.”

ಒಂದು ಭಾನುವಾರ ಆರತಿ ತಟ್ಟೆ, ಕಾಯಿ, ಲಾಡು ಎಲ್ಲ ಸಿದ್ಧವಾಯಿತು. ಎದುರು ಮನೆಯ ಶಿಂದೆ ಬಾಯಿ, ಇನ್ನಿಬ್ಬರು ಹೆಂಗಸರು ಬಂದು ಹೊರಗೆ ಪ್ಯಾಸೇಜಿನಲ್ಲಿ ಕೂತರು. ನಾನು ಹಾಲು ಬಂತೇನೋ ನೋಡುತ್ತೇನೆ ಎಂಬ ನೆಪ ಹೇಳಿ ಅವರ ಬೆನ್ನ ಹಿಂದೆ ಹೋಗಿ ನಿಂತೆ. ಹೀಗೆ ನಿಲ್ಲು ಎಂದು ಈ ಮನೆಯಲ್ಲಿ ನನಗೆ ಯಾರೂ ಹೇಳಿದವರಲ್ಲ. ನಮ್ಮ ಹಳ್ಳಿಯಲ್ಲಿ ಗಂಡ ಹೋದ ಹೆಂಗಸರು ಶುಭಕಾರ್ಯದ ಹೊತ್ತಿಗೆ ಹಿಂದೆ ಸರಿಯುವುದನ್ನು ನೋಡಿ ಬೆಳೆದ ಕಾಲುಗಳು. ತಾವಾಗಿಯೇ ಹಿಂದೆ ಹೋದವು. ಆ ಗಡಿಬಿಡಿಯಲ್ಲಿ ಇದೇ ಇಳಕಲ್ ಸೀರೆಯ ಸೆರಗು ಸೊಂಟದಿಂದ ಜಾರಿದ್ದು ತಿಳಿಯಲಿಲ್ಲ.

ಲಾಡು ತೋರಿಸಿದರು, ಕೀಲಿಗೊಂಚಲು ಆಡಿಸಿದರು, ಮೊಬೈಲು ಇಟ್ಟರು. ಮಹಾರಾಣಿ ಹೊಸ್ತಿಲ ಒಳಗೆ ಕೂತು ಎಲ್ಲರನ್ನೂ ನೋಡಿದಳು. ನೋಡುತ್ತ ನೋಡುತ್ತ ಕಣ್ಣು ನನ್ನ ಮೇಲೆ, ಇಳಿಬಿದ್ದ ಸೆರಗಿನ ಮೇಲೆ ಬಿತ್ತು. ಅಂಗಡಿ ತೆರೆದಿತ್ತು! ಬಾಗಿಲ ಚೌಕಟ್ಟು ಹಿಡಿದು ಎದ್ದಳು. ಒಂದು ಕಾಲು ಹೊಸ್ತಿಲ ಆಚೆ. ಇನ್ನೊಂದು ಕಾಲು. ಆಮೇಲೆ ಚೌಕಟ್ಟನ್ನು ಬಿಟ್ಟಳು.

ಎಲ್ಲರೂ ತಿರುಗಿ ನನ್ನನ್ನು ನೋಡಿದರು. ನನಗೆ ಎಲ್ಲಿಲ್ಲದ ನಾಚಿಕೆ. ಒಂದು ಹೆಜ್ಜೆ ಹಿಂದೆ ಸರಿದೆ. ಅವಳು ಒಂದು ಹೆಜ್ಜೆ ಮುಂದೆ ಬಂದಳು. ಇನ್ನೂ ಸರಿದೆ. ಇನ್ನೂ ಬಂದಳು, ಎರಡೂ ಕೈ ಗಾಳಿಯಲ್ಲಿ, ಕುಡಿದವರ ಹಾಗೆ ತೂರಾಡುತ್ತ, ಆದರೆ ಬೀಳದೆ. ನನ್ನ ಬೆನ್ನಿಗೆ ಲಿಫ್ಟಿನ ಬಾಗಿಲು ತಗುಲುವ ತನಕ ಇದೇ ನಡೆಯಿತು. ನನ್ನ ನಾಚಿಕೆಯಿಂದ ಲೋಕಕ್ಕೆ ಆದ ಉಪಕಾರ ಇದೊಂದೇ. ಬಂದವಳು ಇದೇ ಮೂಲೆಯನ್ನು ಮುಷ್ಟಿಯಲ್ಲಿ ಹಿಡಿದು, ನನ್ನ ಕಾಲಿಗೆ ಹಣೆ ಒತ್ತಿ ನಿಂತಳು.

ಸುಮಾ ಅಳುತ್ತ ನಗುತ್ತ ಬಂದು ತೆಂಗಿನಕಾಯಿಯನ್ನು ನನ್ನ ಕೈಗಿಟ್ಟಳು. “ನಿಮ್ಮ ಹತ್ರಾನೇ ಬಂದಿದ್ದು. ನೀವೇ ಒಡೀರಿ ಅತ್ತೆ.”

“ನಾ ಹೆಂಗ ಒಡೀಲೆವ್ವ? ಅದು ನನ್ನ ಕೆಲಸಲ್ಲ.”

“ಚಟ್ನಿಗೆ ದಿನಾ ಒಡೆಯೋಲ್ವಾ? ಹಾಗೇ.”

ನಾನು ಇನ್ನೂ ತಡವರಿಸುತ್ತಿದ್ದೆ. ಬೇಗ ಒಡೆಯಿರಿ ಎಂದು ಶಿಂದೆ ಬಾಯಿ ಮರಾಠಿಯಲ್ಲಿ ಗದರಿದರು: “ಆಜೀ, ಫೋಡಾ ಲವಕರ್! ಮಲಾ ದಾದರಲಾ ಜಾಯಚಂಯ.” ಅವರಿಗೆ ದಾದರಿನ ಮಾರ್ಕೆಟ್ಟಿಗೆ ಹೊತ್ತಾಗುತ್ತಿತ್ತು. ಒಂದೇ ಏಟಿಗೆ ಒಡೆದೆ, ನಿಮ್ಮ ಅಜ್ಜ ಕೂಡಿಸಿದ ಹೊಸ್ತಿಲ ಮೇಲೆ. ನೀರು ಮೈತ್ರಿಯ ಪಾದಕ್ಕೆ ಸಿಡಿಯಿತು. ಅವಳು ಕೂತು ಕಾಲುಬೆರಳು ಚೀಪತೊಡಗಿದಳು.

ಆಮೇಲೆ ಅವಳು ಸೆರಗು ಹಿಡಿಯಲಿಲ್ಲ. ಓಡುವವರಿಗೆ ಅದು ಯಾಕೆ ಬೇಕು? ಕೆಲವು ದಿನ ನಾನೇ ತುದಿಯನ್ನು ಇಳಿಬಿಟ್ಟು ಅವಳ ಮುಂದೆ ಸುಳಿದಾಡಿದ್ದುಂಟು. ತಿರುಗಿಯೂ ನೋಡಲಿಲ್ಲ. ಹೊಟ್ಟೆಯೊಳಗೆ ಒಂದಿಷ್ಟು ಖಾಲಿ, ಎದೆಯೊಳಗೆ ಮಾತ್ರ ಎರಡು ಮುಷ್ಟಿ ಹೆಮ್ಮೆ. ಈಗ ಅದೇ ಹೊಸ್ತಿಲನ್ನು ಶಾಲೆಯ ಚೀಲದ ಸಮೇತ ಹಾರಿ ಹೋಗುತ್ತಾಳೆ.

ಈಗ ಅವಳ ತಮ್ಮ ಓಂಕಾರನ ಸರದಿ. ಒಂದು ವಾರದಿಂದ ಹೊಸ್ತಿಲ ಬಳಿ ಬಂದು ತಟ್ಟುತ್ತಿದ್ದಾನೆ. ಇವತ್ತು ದಿನ ಚೆನ್ನಾಗಿದೆಯೆಂದು ಕಾಯಿ ತಂದಿದ್ದಾರೆ. ಇಸ್ತ್ರಿಯಾದ ಸೀರೆ ಉಟ್ಟುಕೊಂಡು ಬಂದಾಗ ಸುಮಾ ಕೇಳಿದಳು, “ಅತ್ತೆ, ಎಲ್ಲಿ ನಿಂತ್ಕೋತೀರಿ?”

“ಹೊರಗ.”

“ಮತ್ತೆ ಎಲ್ಲರ ಹಿಂದೇನಾ?” ಎಂದು ಅವಳು ಮುಖ ಸಣ್ಣದು ಮಾಡಿದಳು.

“ಬರೋ ಕೂಸಿಗೆ ಎದುರಿಗೆ ಯಾರರ ಬೇಕಲ್ಲವ್ವ” ಎಂದು ಹೊಸ್ತಿಲು ದಾಟಿ, ಎಲ್ಲರಿಗಿಂತ ಮುಂದೆ ಹೋಗಿ ನಿಂತೆ. ಸೆರಗಿನ ತುದಿಯನ್ನು ಸೊಂಟದಿಂದ ಬಿಡಿಸಿ, ಸುಕ್ಕಿನ ಮೂಲೆಯನ್ನು ಅವನಿಗೆ ಕಾಣುವಂತೆ ಇಳಿಬಿಟ್ಟೆ.