ಅಟ್ಟದ ಮೇಲೆ ಇನ್ನೆಂತ ಇಟ್ಟಿದ್ರಿ?

ಮೇಳಿಗೆಯ ಚೈತ್ರಾ ನನ್ನ ಚಿಕ್ಕಪ್ಪನ ಮಗಳು. ಆರು ವರ್ಷದಿಂದ ಗಗನಸಖಿ. ಊರಲ್ಲಿ ಯಾರಿಗೆ ಹೇಳಿದರೂ "ಅಂದ್ರೆ ಟೀ ಕೊಡೋ ಕೆಲ್ಸ ಅಲ್ದಾ?" ಅನ್ನುತ್ತಾರೆ. ಕೇಳಿ ಕೇಳಿ ನನಗೇ ರೋಸಿಹೋಗಿದೆ, ಅವಳಿಗೆ ಹೇಗಾಗಿರಬೇಡ! ಹೊರಗಿನವರ ಮಾತು ಹಾಳಾಗಲಿ, ಹೆತ್ತ ಅಪ್ಪ ಶೇಷಪ್ಪ ಚಿಕ್ಕಪ್ಪನೇ ದಿನಾ ಫೋನಿನಲ್ಲಿ "ಇವತ್ತೆಷ್ಟು ಟೀ ಕೊಟ್ಟೆ ಮಗಾ?" ಎಂದು ಕೇಳಿ ತಾವೇ ನಗುತ್ತಾರೆ.

ಆ ಕೆಲಸದಲ್ಲಿ ಮೂಗಿಗೆ ಎಷ್ಟು ಕೆಲಸವಿದೆ ಎಂದು ಇವರಿಗೆ ಯಾರು ಹೇಳಬೇಕು? ಹಾರುತ್ತಿರುವ ವಿಮಾನದಲ್ಲಿ ಒಂದಿಷ್ಟು ಸುಟ್ಟ ವಾಸನೆ ಬಂದರೂ ಕ್ಯಾಪ್ಟನ್‌ಗೆ ತಿಳಿಸಬೇಕು. ಎಲ್ಲಿಂದ, ಎಂಥ ವಾಸನೆ, ಹೊಗೆ ಇದೆಯೇ ಇಲ್ಲವೇ ಎಂದು ಬಿಡಿಸಿ ಹೇಳಬೇಕು. ಶೌಚಾಲಯ ನೋಡಬೇಕು, ಸಾಮಾನಿಡುವ ಗೂಡುಗಳನ್ನು ಅಂಗೈಯ ಹಿಂಬದಿಯಿಂದ ಮುಟ್ಟಿ ಬಿಸಿ ಇದೆಯೇ ಎಂದು ಪರೀಕ್ಷಿಸಬೇಕು. ಅಲ್ಲಿ ಕಿಟಕಿ ತೆಗೆದು ಗಾಳಿ ಆಡಿಸೋಣ ಎಂದರೆ ಆಗುತ್ತದೆಯೇ?

ಕಳೆದ ಬೇಸಿಗೆಯಲ್ಲಿ ಚೈತ್ರಾ ಹೀಗೇ ವಾಸನೆ ಹಿಡಿದಿದ್ದಳು. ವಿಮಾನ ಹಿಂದಿರುಗಿತು. ನೋಡಿದರೆ ಯಾರದೋ ಚೀಲದಲ್ಲಿ ಇಸ್ತ್ರಿ ಮಾಡುವಾಗ ಸುಟ್ಟುಕೊಂಡ ರೇಷ್ಮೆ ಸೀರೆ! ಅವಳಿಗೆ ಕಂಪನಿಯಿಂದ ವಿವರಣೆ ಕೇಳಿ ಪತ್ರ ಬಂತು. ಇನ್ನೊಮ್ಮೆ ಹೀಗಾದರೆ ಹಾರಾಟದಿಂದ ಇಳಿಸಿ ಆಫೀಸಿನಲ್ಲಿ ಕೂರಿಸುತ್ತೇವೆ ಎಂದರು.

ಅದಾಗಿ ಎರಡು ತಿಂಗಳಿಗೆ, ಆಷಾಢದಲ್ಲಿ, ಶಿವಮೊಗ್ಗದಿಂದ ಹೈದರಾಬಾದಿಗೆ ಹೊರಟ ವಿಮಾನ. ಎಪ್ಪತ್ತು ಜನ. ಏರಿದ ಅರ್ಧ ಗಂಟೆಗೆ ಏಳನೇ ಸಾಲಿನ ಹತ್ತಿರ ಹೊಗೆ ವಾಸನೆ. ಅವಳ ಮೇಲಿನ ಹಿರಿಯ ಗಗನಸಖಿ ವಾಗ್ದೇವಿ ಕ್ಯಾಪ್ಟನ್‌ಗೆ ತಿಳಿಸಿ, ಸಾಲು ಸಾಲಾಗಿ ಕೇಳುತ್ತ ಬಂದಳು, "ವಾಸನೆ ಬರೋ ಸಾಮಾನು ಏನಾದ್ರೂ ಇದ್ಯಾ?" ಎಲ್ಲರೂ ಇಲ್ಲವೆಂದು ತಲೆಯಾಡಿಸಿದರು. ಏಳನೇ ಸಾಲಿನ ಮಾಸ್ತಮ್ಮನೂ ಆಡಿಸಿದರು. ನಮ್ಮ ಕಡೆಯ ಬ್ಯಾಕೋಡಿನ ಅಜ್ಜಿ, ಹೈದರಾಬಾದಿನಲ್ಲಿರುವ ಬಸುರಿ ಮಗಳ ಮನೆಗೆ ಹೊರಟವರು.

ಚೈತ್ರಾ ಮೇಲಿನ ಗೂಡು ತೆರೆದಳು. ಹೊಗೆ ಕಾಣಲಿಲ್ಲ. ವಾಸನೆ ಮಾತ್ರ ಮಾಸ್ತಮ್ಮನ ಕೈಚೀಲದ್ದೇ. ಬಾಯಿ ಬಿಚ್ಚಿದರೆ ಕಪ್ಪಗೆ ಒಣಗಿದ ಉಪ್ಪಾಗೆ, ಮೀನುಸಾರಿಗೆ ಹುಳಿಯಾಗಿ ಹಾಕುವ ಕಾಡುಹಣ್ಣಿನ ಸಿಪ್ಪೆ. ಅದು ಹಣ್ಣಾಗುವುದೇ ಮಳೆಗಾಲದಲ್ಲಿ; ಬಿಸಿಲಿಲ್ಲದ್ದರಿಂದ ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ ಹೊಗೆಗೇ ಒಣಗಿಸಬೇಕು.

"ಕೇಳ್ದಾಗ ಹೇಳಬಾರ್ದಿತ್ತಾ ಅಜ್ಜಿ?"

"ನೀವು ವಾಸನೆ ಅಂತ ಕೇಳಿದ್ರಿ. ಇದು ಪರಿಮಳ ಅಲ್ದಾ ಮಾರಾಯ್ತಿ!"

ಸುತ್ತಲಿನವರೆಲ್ಲ ನಕ್ಕರು. ವಾಗ್ದೇವಿ ನಿಟ್ಟುಸಿರು ಬಿಟ್ಟು, "ಸಿಕ್ತು ಬಿಡು. ಕ್ಯಾಪ್ಟನ್‌ಗೆ ಏನೂ ಇಲ್ಲ ಅಂತ ಹೇಳ್ತೀನಿ" ಎಂದಳು.

ಚೈತ್ರಾ ಚೀಲದ ಬಾಯಿ ಕಟ್ಟಲಿಲ್ಲ. ಉಪ್ಪಾಗೆಯ ಹೊಗೆ ಅವಳಿಗೆ ಹುಟ್ಟಿದಾರಭ್ಯ ಗೊತ್ತು. ಅದರಡಿಯಲ್ಲಿ ಇನ್ನೊಂದಿತ್ತು, ಹೊಸ ಪೇಂಟಿನ ಡಬ್ಬದಂಥ ಸಿಹಿ ಘಾಟು. ಹೇಳಲೋ ಬೇಡವೋ? ಹೇಳಿ ಸುಳ್ಳಾದರೆ ಅವಳ ಹಾರಾಟ ಇವತ್ತಿಗೆ ಮುಗಿಯಿತು. ಹೇಳದೆ ನಿಜವಾದರೆ ಎಪ್ಪತ್ತು ಜನ. ಆ ಗಳಿಗೆಯಲ್ಲಿ ಅವಳಿಗೆ ಅಳು ಬಂದಿತ್ತಂತೆ, ಅಷ್ಟೇ ಸಿಟ್ಟೂ ಬಂದಿತ್ತಂತೆ. ಆಗ ನೆನಪಾಗಿದ್ದು ಮನೆಯ ಅಟ್ಟ. ಮಳೆಗಾಲದಲ್ಲಿ ನಮ್ಮವರು ಅಲ್ಲಿ ಉಪ್ಪಾಗೆ ಒಂದನ್ನೇ ಇಡುತ್ತಾರೆಯೇ? ಚಪ್ಪಲಿ, ಕಂಬಳಿ, ಬೆಂಕಿಪೊಟ್ಟಣ, ಮಕ್ಕಳ ಪುಸ್ತಕ, ಒದ್ದೆಯಾದದ್ದೆಲ್ಲ ಅಲ್ಲಿಗೇ.

"ಅಜ್ಜಿ, ಅಟ್ಟದ ಮೇಲೆ ಇನ್ನೆಂತ ಇಟ್ಟಿದ್ರಿ?"

"ಇನ್ನೆಂತ? ಮಗಳು ಕೊಟ್ಟ ಚಾರ್ಜಿನ ಡಬ್ಬಿ. ಕರೆಂಟು ಹೋದಾಗ ಫೋನಿಗೆ ಹಾಕೋದು. ಮಳೇಲಿ ನೆಂದಿತ್ತು, ಮೂರು ದಿನ ಇಟ್ಟಿದ್ದೆ. ಒಣಗಿ ಸ್ವಲ್ಪ ಉಬ್ಬಿದೆ ಅಷ್ಟೆ. ಇಲ್ಲೇ ಅಡೀಲಿ ಇದೆ, ತಂಡಿ ಆಗಬಾರ್ದು ಅಂತ."

ಚೈತ್ರಾ ಚೀಲದ ಅಡಿ ಮುಟ್ಟಿದಳು. ಕೈ ಸುಟ್ಟಿತು.

"ವಾಗ್ದೇವಿ ಅಕ್ಕಾ, ಬ್ಯಾಟರಿ!" ಎಂದು ಕೂಗಿ ಚೀಲವನ್ನು ಅಲ್ಲೇ ಗೂಡಿನಲ್ಲಿ ಬಿಟ್ಟು ಜನರನ್ನು ಎಬ್ಬಿಸಿ ಹಿಂದಕ್ಕೆ ಕಳಿಸಿದಳು. ಅಷ್ಟರಲ್ಲಿ ಬುಸ್ಸೆಂದು ಬಿಳಿ ಹೊಗೆ, ಹಿಂದೆಯೇ ಜ್ವಾಲೆ. ವಾಗ್ದೇವಿ ಬೆಂಕಿ ಆರಿಸುವ ಸಿಲಿಂಡರ್ ಹಿಡಿದಳು, ಕ್ಯಾಪ್ಟನ್‌ಗೆ ಸುದ್ದಿ ಹೋಯಿತು. ಜ್ವಾಲೆ ಅಡಗಿದರೂ ಬ್ಯಾಟರಿಯ ಒಳಗಿನ ಕಾವು ಇಳಿಯುವುದಿಲ್ಲ, ನೀರು ಹೊಯ್ಯುತ್ತಲೇ ಇರಬೇಕು. ಚೈತ್ರಾ ಕುಡಿಯುವ ನೀರಿನ ಬಾಟಲಿಗಳನ್ನು ಒಂದರ ಮೇಲೊಂದು ಸುರಿದಳು. ಹತ್ತಿರದ ನಿಲ್ದಾಣದಲ್ಲಿ ಇಳಿಯುವವರೆಗೂ ಕೈ ನಿಲ್ಲಿಸಲಿಲ್ಲ. ಒಬ್ಬರಿಗೂ ಏನೂ ಆಗಲಿಲ್ಲ.

ಥ್ಯಾಂಕ್ಸ್ ಸಿಕ್ಕಿತೇ? ಮೆಟ್ಟಿಲಿಳಿಯುತ್ತಲೇ ಮಾಸ್ತಮ್ಮ ಮಗಳಿಗೆ ಫೋನ್ ಮಾಡಿ ದೂರಿದರಂತೆ: "ಎಂಟು ದಿನ ಹೊಗೆ ಹಾಕಿ ಒಣಗಿಸಿದ್ದು ಕಣೇ. ನಮ್ಮ ಕಡೆ ಹುಡುಗಿಯೇ, ಕೊಡಗಟ್ಟಲೆ ನೀರು ಹೊಯ್ದು ಹಾಳು ಮಾಡ್ತು!"

ಆ ಸಂಜೆ ನಾನು ಮೇಳಿಗೆಯಲ್ಲೇ ಇದ್ದೆ. ವರದಮ್ಮ ಚಿಕ್ಕಮ್ಮನ ಮೊಬೈಲ್ ಎರಡು ದಿನದಿಂದ ಬಂದ್ ಆಗಿದ್ದರಿಂದ ಚೈತ್ರಾ ಚಿಕ್ಕಪ್ಪನ ಫೋನಿಗೆ ಕರೆ ಮಾಡಿದಳು. ಎಲ್ಲರಿಗೂ ಕೇಳಲಿ ಎಂದು ಅವರು ಸ್ಪೀಕರ್ ಹಾಕಿ, ನನ್ನತ್ತ ಕಣ್ಣು ಮಿಟುಕಿಸಿ ಶುರು ಮಾಡಿದರು.

"ಇವತ್ತೆಷ್ಟು ಟೀ ಕೊಟ್ಟೆ ಮಗಾ?"

"ಒಂದೂ ಇಲ್ಲ ಅಪ್ಪ" ಎಂದವಳು ಮೊದಲಿನಿಂದ ಕೊನೆಯವರೆಗೆ ಎಲ್ಲ ಹೇಳಿದಳು. ಚಿಕ್ಕಪ್ಪನ ನಗು ಅಟ್ಟದ ಮಾತು ಬಂದಲ್ಲಿಗೇ ನಿಂತಿತ್ತು. ಕೇಳಿ ಮುಗಿದ ಕೂಡಲೇ ಒಳಗೆ ತಿರುಗಿ, ಹಿಂದೆಂದೂ ಕೇಳದ ದನಿಯಲ್ಲಿ ಕೂಗಿದರು.

"ವರದಾ, ನಿನ್ನ ನೆಂದ ಮೊಬೈಲು ಎಲ್ಲಿಟ್ಟೆ?"

"ಎಲ್ಲಿಡ್ತಾರೆ?" ಒಳಗಿಂದ ಚಿಕ್ಕಮ್ಮನ ಉತ್ತರ ಬಂತು. "ಅಟ್ಟದ ಮೇಲೆ."

ಚಿಕ್ಕಪ್ಪ ಫೋನ್ ಹಿಡಿದುಕೊಂಡು ಬರಿಗಾಲಲ್ಲೇ ಬಚ್ಚಲಿಗೆ ಓಡಿದರು. ಸ್ಟೂಲು ಎಳೆದ ಸದ್ದು ಫೋನಿನಲ್ಲಿ ಅವಳಿಗೂ ಕೇಳಿಸಿತು.

"ಅಪ್ಪಾ, ಬರಿಗೈಲಿ ಮುಟ್ಟಬೇಡಿ!" ಎಂದು ಚೈತ್ರಾ ಕಿರುಚಿದಳು. "ನಾನು ಹೇಳಿದ ಹಾಗೆ ಮಾಡಿ."

"ಹೇಳು ಮಗಾ" ಎಂದರು ಶೇಷಪ್ಪ ಚಿಕ್ಕಪ್ಪ.