ಬರಿ ಮೈಯ ಕಂಪ್ಯೂಟರಿಗೆ ಖಣದ ಕುಂಚಿಗೆ

ಅಂಗೈಯಗಲದ ಆ ಕಂಪ್ಯೂಟರ್ ಇಳಕಲ್ಲಿನ ನಮ್ಮ ಮನೆಗೆ ಬಂದಾಗ ಅದರ ಮೈಮೇಲೆ ಒಂದು ನೂಲೆಳೆಯೂ ಇರಲಿಲ್ಲ. ಹಸಿರು ಹಲಗೆ, ಮೇಲೆ ನಾಲ್ಕು ಚಿಪ್ಪು, ಅಷ್ಟೇ. ನಾನು ಹುನಗುಂದದ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಮಕ್ಕಳಿಗೆ ಇದನ್ನೂ ಕಲಿಸಿ ಎಂದು ಹೆಡ್‌ಮಾಸ್ತರರು ಅದನ್ನು ನನ್ನ ಕೈಗಿತ್ತು ತಮ್ಮ ಕೈ ತೊಳೆದುಕೊಂಡಿದ್ದರು. ನಿಮಗೆ ಬರುತ್ತದೆಯೇ ಎಂದು ಅವರೂ ಕೇಳಲಿಲ್ಲ, ಬರುವುದಿಲ್ಲ ಎಂದು ನಾನೂ ಹೇಳಲಿಲ್ಲ.

ಅದಕ್ಕೆ ಸ್ವಂತ ಪರದೆ ಇಲ್ಲ. ಮನೆಯಲ್ಲಿದ್ದ ಪರದೆ ಒಂದೇ, ಅತ್ತೆಯ ಟೀವಿ. ಧಾರಾವಾಹಿಯ ಸೊಸೆ ಇನ್ನೇನು ವಿಷ ಕುಡಿಯಬೇಕು, ಅಷ್ಟರಲ್ಲಿ ನಾನು ವೈರು ಚುಚ್ಚಿದೆ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಸರಸರ ಓಡಿ ಕೊನೆಗೆ ಪಾಸ್‌ವರ್ಡ್ ಕೇಳಿದವು. ಒತ್ತಿದೆ, ಒಂದು ಚುಕ್ಕೆಯೂ ಮೂಡಲಿಲ್ಲ. ಕೀಬೋರ್ಡನ್ನು ಬಡಿದೆ, ಕವುಚಿ ಕೊಡವಿದೆ, ಮಾರಿದವನ ವಂಶವನ್ನೆಲ್ಲ ಜಾಲಾಡಿದೆ. ಪಾಸ್‌ವರ್ಡ್ ಒತ್ತುವಾಗ ಏನೂ ಕಾಣಿಸದಿರುವುದೇ ಇದರ ರೂಢಿ ಎಂದು ಫೋನಿನ ವಿಡಿಯೋದವನು ಆಮೇಲೆ ಹೇಳಿದ. ಮೊದಲೇ ಬೊಗಳಬಾರದಿತ್ತೇ?

ಧಾರಾವಾಹಿ ಹೋಯಿತೆಂದು ಅತ್ತೆ ಸಿಟ್ಟಾಗಲಿಲ್ಲ. ಅವರ ಕಣ್ಣು ಹಲಗೆಯ ಮೇಲಿತ್ತು. ನಮ್ಮ ಮನೆಯಲ್ಲಿ ಮಿಕ್ಸರಿಗೂ ಅಂಗಿಯುಂಟು, ಟೀವಿಗೆ ಕಸೂತಿ ಹಾಕಿದ ಹೊದಿಕೆಯುಂಟು.

"ಹಿಂಗ ಬರಿ ಮೈಲೆ ಬಿಡ್ತಾರೇನ ಯವ್ವಾ?" ಎಂದರು.

ಮರುದಿನ ಶಾಲೆಯಿಂದ ಬಂದು ನೋಡಿದರೆ ಅದು ಕುಂಚಿಗೆ ತೊಟ್ಟು ಕುಳಿತಿತ್ತು. ಕೂಸಿನ ತಲೆ ಮುಚ್ಚಿ ಬೆನ್ನಿಗೆ ಇಳಿಬೀಳುವ ಟೋಪಿ ಅದು, ತುದಿಗೆ ಗೊಂಡೆ ಬೇರೆ. ನಗು ಬಂತು. ಆಮೇಲೆ ಬಟ್ಟೆಯ ಗುರುತು ಹತ್ತಿತು. ನನ್ನ ಮದುವೆಯಾದ ವರ್ಷ ಅತ್ತೆ ಗುಳೇದಗುಡ್ಡದಿಂದ ತಂದು ಟ್ರಂಕಿನ ತಳದಲ್ಲಿಟ್ಟಿದ್ದ ಕೆಂಪು ಖಣ. ಯಾವ ಕೂಸಿಗೆಂದು ಅವರು ಬಾಯಿಬಿಟ್ಟು ಹೇಳಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಆ ಕೂಸು ಬರಲಿಲ್ಲ. ಏನಾದರೂ ವಿಶೇಷವೇ ಎಂದು ಕೇಳಿ ಕೇಳಿ ಓಣಿಯವರು ದಣಿದರು. ಅವರಿಗೆ ನಾನು ಕೊಟ್ಟ ಉತ್ತರಗಳು ಇಲ್ಲಿ ಬರೆಯುವಂಥವಲ್ಲ. ಅತ್ತೆ ಮಾತ್ರ ಒಮ್ಮೆಯೂ ಕೇಳಿದವರಲ್ಲ.

ಇಳಕಲ್ಲಿನ ಬೇಸಿಗೆಯಲ್ಲಿ ಕುಂಚಿಗೆ ತೊಟ್ಟ ಕಂಪ್ಯೂಟರಿನ ಗತಿ ಏನಾಗಬೇಕೋ ಅದೇ ಆಯಿತು. ಮೌಸಿನ ಬಾಣ ಎತ್ತಿನಗಾಡಿಯ ಹಾಗೆ ತೆವಳತೊಡಗಿತು. ಪರದೆಯ ಮೂಲೆಯಲ್ಲಿ ಥರ್ಮಾಮೀಟರಿನ ಚಿತ್ರ ಮೂಡಿತು, ಅಂದರೆ ಹಲಗೆ ಕಾದುಹೋಗಿದೆ ಎಂದರ್ಥ. ಬಟ್ಟೆ ತೆಗೆಯದಿದ್ದರೆ ಅದು ಉಳಿಯುವಂತಿರಲಿಲ್ಲ. ತೆಗೆಯಲು ನನಗೆ ಕೈ ಬರಲಿಲ್ಲ. ಹೆಡ್‌ಮಾಸ್ತರರಿಗೇ ಹೆದರದವಳು ಒಂದು ತುಂಡು ಖಣಕ್ಕೆ ಹೆದರಿ ಕುಳಿತೆ. ಶಾಲೆಯ ಸಾಮಾನು, ಸುಟ್ಟರೆ ಸುಡಲಿ ಎಂದೂ ಅನಿಸಿತು.

ಕೊನೆಗೆ ಹೇಳಿದೆ, "ಅತ್ತಿ, ಇದಕ್ಕ ಜ್ವರ ಬಂದೈತ್ರಿ."

ಅತ್ತೆ ಬಂದು, ಕುಂಚಿಗೆ ಎತ್ತಿ, ಚಿಪ್ಪಿನ ಮೇಲೆ ಕೈಯ ಹಿಂಬದಿ ಇಟ್ಟು ಥಟ್ಟನೆ ತೆಗೆದರು. ಇಷ್ಟು ಸುಡುತ್ತಿದ್ದರೂ ಸುಮ್ಮನೆ ಕುಳಿತೆಯಲ್ಲ ಎಂದು ನನ್ನನ್ನೇ ಬೈದರು. ಬಟ್ಟೆ ಕಳಚಿ ಬೀಸಣಿಗೆಯಿಂದ ಗಾಳಿ ಹಾಕಿದರು. ಥರ್ಮಾಮೀಟರ್ ಮಾಯವಾಯಿತು. ಇನ್ನು ಆ ಖಣ ಟ್ರಂಕಿಗೆ ವಾಪಸು ಹೋಗುತ್ತದೆ ಎಂದುಕೊಂಡೆ. ಅವರು ಕತ್ತರಿ ತಂದರು. ನಾನು ಬೇಡವೆನ್ನುವಷ್ಟರಲ್ಲಿ ಕುಂಚಿಗೆಯ ನಡುವೆ ದೊಡ್ಡ ಕಿಂಡಿ ಕತ್ತರಿಸಿಬಿಟ್ಟಿದ್ದರು.

"ಇನ್ನ ಇಟ್ಕೊಂಡ ಏನ್ ಮಾಡೂದೈತಿ," ಎಂದರು. "ಇದ್ದ ಕೂಸಿಗೆ ಗಾಳಿ ಆಡ್ಲಿ."