ಬಸುವಿನ ಕಂಬಳಿ

ನಾರಾಯಣಪೇಟೆಯ ಬೇಸಿಗೆಯಲ್ಲಿ ಜನ ಸೆರಗೂ ಭಾರವೆಂದು ಗೊಣಗುವಾಗ, ನಮ್ಮ ಪಕ್ಕದ ಮನೆಯ ಶರಣಮ್ಮಕ್ಕ ಹೆಗಲ ಮೇಲೆ ಕರಿ ಕಂಬಳಿ ಹಾಕಿಕೊಂಡು ಸಂತೆಗೆ ಹೊರಡುತ್ತಿದ್ದಳು. ಮಡಚಿದ ಕಂಬಳಿ; ಅದನ್ನು ಬಿಚ್ಚಿದ್ದನ್ನು ಯಾರೂ ನೋಡಿರಲಿಲ್ಲ. "ಬಿಸಲಾಗ ಇದ್ಯಾಕ್ರಿ ಅಕ್ಕಾ?" ಎಂದರೆ ಒಂದೇ ಉತ್ತರ: "ಇದು ನಂದಲ್ಲವ್ವಾ, ಬಸುಂದು. ನಾ ಬರೇ ಹೊತ್ಕೊಂಡೀನಿ."

ಬಸು ಅವಳ ತಮ್ಮ. ತಾಯಿ ಸತ್ತ ಮೇಲೆ ಮಗ್ಗದ ಪಕ್ಕದಲ್ಲೇ ತೊಟ್ಟಿಲು ಕಟ್ಟಿ, ಸೀರೆ ನೇಯುತ್ತಲೇ ಅವನನ್ನು ಬೆಳೆಸಿದಳು. ಅವನು ಮಿಲಿಟರಿಗೆ ಸೇರಿ ಹಿಮದ ಗಡಿಗೆ ಹೋದ. ಇವಳು ಮಾಗನೂರಿನಿಂದ ಕಂಬಳಿ ತರಿಸಿ ಟಪಾಲಿನಲ್ಲಿ ಕಳಿಸಿದಳು. ಅದು ಮುಟ್ಟುವ ಮೊದಲೇ ಅವನು ಹಿಮದಲ್ಲಿ ಸಿಕ್ಕಿ ಸತ್ತಿದ್ದ. ಮೊದಲು ಅವನ ಶವದ ಪೆಟ್ಟಿಗೆ ಬಂತು, ಆಮೇಲೆ ಕಂಬಳಿ ವಾಪಸ್ ಬಂತು. ಪೆಟ್ಟಿಗೆಯ ಜೊತೆ ಬಂದಿದ್ದ ಹವಾಲ್ದಾರ, "ಅವನಿಗೆ ಚಳಿ ಗೊತ್ತಾಗಿಲ್ಲಮ್ಮಾ, ನಿದ್ದೆಯಲ್ಲೇ ಹೋದ" ಎಂದು ಸಮಾಧಾನ ಹೇಳಿದ್ದ. ಅದು ನಿಜವೋ ಸುಳ್ಳೋ ಎಂಬ ಕೊರಗು ಅವಳನ್ನು ಬಿಡಲಿಲ್ಲ.

ಚಳಿ ಹೇಗಿರುತ್ತದೆಂದು ಕಂಡಕಂಡವರನ್ನೆಲ್ಲ ಕೇಳುವಳು. ಒಮ್ಮೆ ಮಕ್ತಲ್ ಬಸ್‌ಸ್ಟ್ಯಾಂಡಿನ ಐಸ್ ಡಬ್ಬಿಯಲ್ಲಿ ಮೊಣಕೈವರೆಗೂ ಕೈ ಇಟ್ಟು ನಿಂತುಬಿಟ್ಟಳು. "ಚೆಯ್ಯಿ ತೀಯಮ್ಮಾ!" ಎಂದು ಅಂಗಡಿಯವನು, ಕೈ ತೆಗೆಯೆಂದು ತೆಲುಗಿನಲ್ಲಿ ಕೂಗಾಡಿದ. "ತೆಗೀತೀನಿ ತಡಿಯಪ್ಪಾ, ಇನ್ನೂ ನೋಯಾಕತ್ತೈತಿ" ಎಂದಳು. ಸುತ್ತ ನಿಂತವರು ನಕ್ಕರು, ನಾನೂ ನಕ್ಕೆ. ಮನೆಗೆ ಬಂದ ಮೇಲೆ ನನಗೆ ಊಟ ಸೇರಲಿಲ್ಲ.

ಕೆಲವು ವರ್ಷಗಳ ನಂತರ ನೇಕಾರರ ಸಂಘದವರು ಅವಳನ್ನು ಆಲ್ಪ್ಸ್ ಪರ್ವತದ ಕಣಿವೆಯ ಒಂದೂರಿಗೆ, ನೇಯ್ಗೆ ತೋರಿಸಲು ಕಳಿಸಿದರು. ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ನಾನು ಮಾತು ತಿಳಿಸಲು ಜೊತೆಗೆ ಹೋದೆ. ಬಿಡುವಿನ ದಿನ ನಮ್ಮನ್ನು ಅಲ್ಲಿಯ ಹಳೆಯ ಕೋಟೆಗೆ ಕರೆದೊಯ್ದರು. ರಾಜರಾಣಿಯರ ವೈಭವದ ಕೋಟೆಯಲ್ಲ. ಸಿಪಾಯಿಗಳಿಗೆಂದೇ ಬಂಡೆಯ ಮೇಲೆ ಕಟ್ಟಿದ್ದು. "ನಮ್ ಗದ್ವಾಲ ಕ್ವಾಟ್ಯಾಗ ಗುಡಿ ಐತಿ, ಮಂದಿ ಬರ್ತಾರ. ಇಲ್ಲಿ ಬರೇ ಕಲ್ಲು" ಎಂದು ಶರಣಮ್ಮಕ್ಕ ಮುಖ ಸಿಂಡರಿಸಿದಳು. ಕೋಟೆ ತೋರಿಸುತ್ತಿದ್ದವಳು ಆ ಊರಿನ ಮುದುಕಿ. ತುದಿಯ ಕಾವಲು ಕೋಣೆಗೆ ಹತ್ತಿದಾಗ, ಸಂದಿಯಂಥ ಕಿಟಕಿಯಿಂದ ಹಿಮ ಒಳಗೆ ಬೀಳುತ್ತಿತ್ತು.

"ಇಲ್ಲಿ ಒಲಿ ಇತ್ತೇನ್ ಕೇಳವ್ವಾ."

ಇರಲಿಲ್ಲವಂತೆ. ಒಲೆ ಕೆಳಗಿನ ಕೋಣೆಯಲ್ಲಿ, ಕಾವಲಿನವನು ಮೇಲೆ.

ಶರಣಮ್ಮಕ್ಕ ತೊಟ್ಟಿದ್ದ ಕೋಟು ಬಿಚ್ಚಿ, ಕಂಬಳಿಯನ್ನೂ ಅದನ್ನೂ ನನ್ನ ಕೈಗಿಟ್ಟು, ಆ ಕಿಟಕಿಗೆ ಎದೆಯೊಡ್ಡಿ ನಿಂತಳು. ಎಷ್ಟು ಕರೆದರೂ ಬರಲಿಲ್ಲ. ಹಲ್ಲು ಕಟಕಟ ಎನ್ನತೊಡಗಿತು, ತುಟಿ ನೀಲಿಯಾಯಿತು. ಮುದುಕಿ ಗಾಬರಿಯಾಗಿ ಅವಳ ತೋಳು ಹಿಡಿದಳು. ಆಗ ಶರಣಮ್ಮಕ್ಕ ನನ್ನತ್ತ ತಿರುಗಿ, "ಹಿಮದಾಗ ಸಾಯೂಮುಂದ ಚಳಿ ಗೊತ್ತಾಗಂಗಿಲ್ಲಂತ. ಖರೇ ಏನು, ಈಕಿನ್ನ ಕೇಳು" ಎಂದಳು.

ಬಸುವಿನ ಕಥೆಯನ್ನೂ ಹೇಳಿ ಕೇಳಿದೆ. ಮುದುಕಿಯ ಅಣ್ಣನೂ ಅದೇ ಬೆಟ್ಟದ ಹಿಮದಲ್ಲಿ ಹೋದವನಂತೆ. "ನನಗೂ ಎಲ್ಲರೂ ಹಾಗೇ ಹೇಳಿದರು. ನಿಜವೋ ಏನೋ, ನನಗೆ ಗೊತ್ತಿಲ್ಲ" ಎಂದಳು. ಹೇಳಿದಂತೆಯೇ ತಿಳಿಸಿದೆ.

"ಈಕಿ ಒಬ್ಬಾಕಿ ಸುಳ್ಳು ಹೇಳ್ಲಿಲ್ಲ ನೋಡು" ಎಂದವಳೇ ಶರಣಮ್ಮಕ್ಕ ಕಲ್ಲುಕಟ್ಟೆಯ ಮೇಲೆ ಕುಸಿದು ಕೂತು ಗಟ್ಟಿಯಾಗಿ ಅತ್ತಳು. ಪೆಟ್ಟಿಗೆ ಬಂದ ದಿನವೂ ಅವಳು ಹಾಗೆ ಅತ್ತಿರಲಿಲ್ಲ. ಆಮೇಲೆ ನನ್ನ ಕೈಯಿಂದ ಕಂಬಳಿ ತೆಗೆದುಕೊಂಡು, ಮೊದಲ ಸಲ ಅದರ ಮಡಿಕೆ ಬಿಚ್ಚಿ, ಅರ್ಧ ತಾನು ಹೊದ್ದು ಅರ್ಧ ಮುದುಕಿಗೆ ಹೊದಿಸಿದಳು. ಇಬ್ಬರೂ ಬಹಳ ಹೊತ್ತು ಕೂತಿದ್ದರು. ನನ್ನ ಇಂಗ್ಲಿಷ್ ಅವರಿಗೆ ಬೇಕಾಗಲಿಲ್ಲ.

ಹೋದ ಬೇಸಿಗೆಯಲ್ಲಿ ಅವಳಿಗೆ ಜ್ವರ ಹತ್ತಿತು. ಹೊರಗೆ ಬೆಂಕಿಯಂಥ ಬಿಸಿಲು, ಮಂಚದ ಮೇಲೆ ಅವಳು ಗಡಗಡ ನಡುಗುತ್ತಿದ್ದಳು. ಕಂಬಳಿ ಹೊದಿಸಹೋದರೆ ಕೈ ಅಡ್ಡ ತಂದಳು.

"ಬ್ಯಾಡವ್ವಾ, ಮಡಚಿಡು. ಈ ಸಲ ಟಪಾಲ್ದಾಗ ಬ್ಯಾಡ. ನಾನೇ ಒಯ್ತೀನಿ."

ಮರುದಿನ ಹೋಗಿಬಿಟ್ಟಳು. ಹೂಳಲು ಕುಣಿಯಲ್ಲಿ ಕೂರಿಸಿದಾಗ ಮಡಿಕೆ ಕೆಡದಂತೆ ಕಂಬಳಿಯನ್ನು ಅವಳ ತೊಡೆಯ ಮೇಲಿಟ್ಟೆ. ಕೈಗೆ ತೆಗೆದುಕೊಂಡ ಹಿಡಿ ಮಣ್ಣು ಬಿಸಿಲಿಗೆ ಕಾದು ಸುಡುತ್ತಿತ್ತು.